ಕಾರಿ ಹೆಗ್ಗಡೆಯ ಮಗಳು ಇಂಗ್ಲಿಷ್ ತರಗತಿಗೆ ಬಂದಳು

ಕಳೆದ ಮಳೆಗಾಲದ ಒಂದು ಸಂಜೆ, ಏಲೂರಿನಲ್ಲಿ ನಮ್ಮ ನೆರೆಯ ಕನ್ನಡದ ಮನೆಯೊಂದಕ್ಕೆ ಕಾಫಿಪುಡಿ ಕೇಳುವ ನೆಪದಿಂದ ಹೋಗಿದ್ದೆ. ಹೊರಗೆ ಜಡಿಮಳೆ. ಒಳಗೆ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಇಂಗ್ಲಿಷಿನ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಮುಖ ಊದಿಸಿ ಕುಳಿತಿದ್ದಳು. ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖವೂ ಬಾಡಿತ್ತು.

"ಲೆಕ್ಕವಾದರೆ ಅವರಪ್ಪ ಹೇಳಿಕೊಡುತ್ತಾರೆ. ಈ ಇಂಗ್ಲಿಷ್ ಪದ್ಯ ನನಗೆಲ್ಲಿ ತಿಳಿಯಬೇಕು, ಹೇಳಿ? ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ನೀವಾದರೂ ಸ್ವಲ್ಪ ನೋಡಿ" ಎಂದರು ಆಕೆ.

ನೋಡಿದೆ. ಪ್ರಶ್ನೆಗಳು ಮೂರು. ಕವಿಯ ಉದ್ದೇಶವೇನು? ಪದ್ಯದ ದನಿ ಎಂಥದು? ಕವಿ ಬಳಸಿರುವ ಎರಡು ಅಲಂಕಾರಗಳಾವುವು, ಅವುಗಳಿಂದ ಪದ್ಯಕ್ಕೆ ಆದ ಪ್ರಯೋಜನವೇನು? ಹುಡುಗಿಯ ಉತ್ತರಗಳೂ ಮೂರೇ ಮಾತಿನವು: ಕಥೆ ಹೇಳುವುದು ಉದ್ದೇಶ, ದನಿ ದುಃಖದ್ದು, ಅಲಂಕಾರಗಳು ಪರ್ಸಾನಿಫಿಕೇಷನ್ ಮತ್ತು ಅಲಿಟರೇಷನ್. ಪ್ರತಿಯೊಂದು ಉತ್ತರದ ಪಕ್ಕದಲ್ಲಿಯೂ ಉಪಾಧ್ಯಾಯಿನಿಯವರು ಕೆಂಪು ಶಾಯಿಯಲ್ಲಿ 'ಏಕೆ?' ಎಂದು ಬರೆದು ಅರ್ಧ ಅಂಕ ಕೊಟ್ಟಿದ್ದರು.

"ಹೋಗಲಿ, ಪದ್ಯದ ಕಥೆಯೇನು ಮಗೂ?" ಎಂದು ಕೇಳಿದೆ.

ಅವಳು ಹೇಳತೊಡಗಿದಳು. ಒಬ್ಬ ನಾಯಕ, ದೊಡ್ಡ ಮನೆತನದ ಹುಡುಗಿಯೊಬ್ಬಳನ್ನು ಕರೆದುಕೊಂಡು ಓಡಿಬಂದಿದ್ದಾನೆ. ಮುಂದೆ ನೀರು, ಹಿಂದೆ ಹುಡುಗಿಯ ತಂದೆಯ ಸವಾರರು. ಬಿರುಗಾಳಿ ಏಳುತ್ತಿದೆ. ದೋಣಿಯವನನ್ನು ಕರೆದು, ಬೇಗ ದಾಟಿಸು ಎಂದು ಅಂಗಲಾಚುತ್ತಾನೆ...

ಒಲೆಯ ಮುಂದಿದ್ದ ತಾಯಿ ಸೌಟು ಹಿಡಿದುಕೊಂಡೇ ಈಚೆಗೆ ಬಂದರು. "ಕೇಳಿದಷ್ಟು ಹೊನ್ನು ಕೊಡುತ್ತೇನೆ ಅನ್ನುತ್ತಾನಲ್ಲವೆ? ದೋಣಿಯವನು, ಹೊನ್ನಿಗಾಗಿ ಅಲ್ಲ, ಈ ಹುಡುಗಿಯ ಮುಖ ನೋಡಿ ದಾಟಿಸುತ್ತೇನೆ ಅನ್ನುತ್ತಾನೆ. ಕೊನೆಗೆ ಅಪ್ಪ ದಡಕ್ಕೆ ಬಂದು, ಕ್ಷಮಿಸಿದೆ, ತಿರುಗಿ ಬಾ ಎಂದು ಕೂಗುತ್ತಾನೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ."

ಹುಡುಗಿ ಬೆರಗಾದಳು. "ಅಮ್ಮಾ! ನಿನಗೆ ಹೇಗೆ ಗೊತ್ತು?"

"ಇದು 'ಕಾರಿ ಹೆಗ್ಗಡೆಯ ಮಗಳು' ಕಣೇ. ನಮಗೆ ಕಂಠಪಾಠವಾಗಿತ್ತು" ಎಂದು ಆಕೆ ನಿಂತಲ್ಲೇ ಮೊದಲಿಂದ ಹಾಡತೊಡಗಿದರು. ನಡುವೆ ಒಂದೆರಡು ಕಡೆ ತಡವರಿಸಿದರೂ ಕೊನೆಯವರೆಗೆ ಬಂದರು. ಒಲೆಯ ಮೇಲಿನ ಸಾರು ಉಕ್ಕಿತು. ಮಗಳು ಅದುವರೆಗೆ ತಾಯಿಯನ್ನು ಆ ರೀತಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

ವಾಚಕರಲ್ಲಿ ಹಿರಿಯರಾದವರಿಗೆ ಈ ಪದ್ಯದ ಪರಿಚಯ ಹೇಳಬೇಕಾದ್ದಿಲ್ಲ. ಹುಡುಗಿಯ ಪುಸ್ತಕದಲ್ಲಿದ್ದದ್ದು ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಬೆಲ್ ಬರೆದು 1809ರಲ್ಲಿ ಪ್ರಕಟವಾದ 'ಲಾರ್ಡ್ ಅಲ್ಲಿನ್ಸ್ ಡಾಟರ್'. ತಾಯಿ ಹಾಡಿದ್ದು ಅದನ್ನೇ ನಮ್ಮ ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದು 'ಇಂಗ್ಲಿಷ್ ಗೀತಗಳು' ಎಂಬ ಸಂಗ್ರಹದಲ್ಲಿ ಸೇರಿಸಿದ ರೂಪ. ಆ ಪುಸ್ತಕ 1926ರಲ್ಲಿ ಹೊರಬಂತು. ಶ್ರೀಕಂಠಯ್ಯನವರು ಕನ್ನಡದ ಅಧ್ಯಾಪಕರಾಗಿ ಈ ಕೆಲಸ ಮಾಡಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷನ್ನು ಪಾಠ ಹೇಳುತ್ತಿದ್ದವರು ಅವರು. ಇಂಗ್ಲಿಷ್ ಪದ್ಯವೊಂದರ ಉದ್ದೇಶ, ದನಿ, ಅಲಂಕಾರ ಈ ಮೂರನ್ನೂ ಅರಗಿಸಿಕೊಂಡ ಒಬ್ಬ ಉಪಾಧ್ಯಾಯರು ಬರೆದಿಟ್ಟ ಉತ್ತರಪತ್ರಿಕೆಯೆಂದೇ ಆ ಕನ್ನಡ ಪದ್ಯವನ್ನು ಕರೆಯಬಹುದು.

ಆ ಸಂಜೆ ನಾವು ಮೂವರೂ ಎರಡು ಪದ್ಯಗಳನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದೆವು. ಅದರಿಂದ ತಿಳಿದದ್ದನ್ನು ನಮ್ಮ ಸಂಘದ ಇತರ ತಾಯಿತಂದೆಗಳಿಗೂ ಹೇಳಬೇಕೆಂದು ಈ ಲೇಖನ.

ಮೊದಲು ದನಿಯ ವಿಷಯ. ಇಂಗ್ಲಿಷಿನವರು ಟೋನ್ ಎನ್ನುವುದು ಬೇರೇನೂ ಅಲ್ಲ; ಹೇಳುವವನಿಗೆ ತಾನು ಹೇಳುತ್ತಿರುವ ವಿಷಯದ ಮೇಲೆ, ಕೇಳುವವರ ಮೇಲೆ ಇರುವ ಭಾವ. ಇದು ನಮ್ಮ ಮನೆಗಳಲ್ಲಿ ದಿನವೂ ನಡೆಯುವ ವ್ಯಾಪಾರ. ರಜೆಯ ದಿನ ಒಂಬತ್ತು ಗಂಟೆಗೆ ಎದ್ದುಬಂದ ಮಗನಿಗೆ ತಾಯಿ, "ಏನು ದೊರೆಗಳು ಇಷ್ಟು ಬೇಗ ಎದ್ದುಬಿಟ್ಟಿರಿ!" ಎನ್ನುತ್ತಾಳೆ. ಇದು ಹೊಗಳಿಕೆಯಲ್ಲವೆಂದು ಆ ಮಗನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದೊರೆಗಳು ಎಂಬ ಮಾತು, ನೀನು ಹೋಗಿ ನೀವು ಆದದ್ದು, 'ಬೇಗ' ಎಂಬಲ್ಲಿ ಎಳೆದ ಸ್ವರ, ಈ ಮೂರೇ ಸಾಕು. ಸ್ವರದ ಏರಿಳಿತದಿಂದ ಅರ್ಥ ತಿರುಗುವುದಕ್ಕೆ ನಮ್ಮ ಆಲಂಕಾರಿಕರು 'ಕಾಕು' ಎಂದು ಹೆಸರಿಟ್ಟರು. ಹೊಗಳಿಕೆಯ ವೇಷದಲ್ಲಿ ಬರುವ ನಿಂದೆಯನ್ನು 'ವ್ಯಾಜಸ್ತುತಿ'ಯಲ್ಲಿ ಸೇರಿಸಿದರು. ಇಂಗ್ಲಿಷ್ ತರಗತಿಯಲ್ಲಿ ಐರನಿ ಎಂದು ಬರೆಸುವುದಕ್ಕೆ ಇದು ತೀರ ಹತ್ತಿರದ ನೆಂಟ.

ಹಾಗಾದರೆ ಮನೆಯಲ್ಲಿ ಇಷ್ಟು ಚೆನ್ನಾಗಿ ದನಿಯನ್ನು ಹಿಡಿಯುವ ಮಗು ತರಗತಿಯಲ್ಲಿ ಏಕೆ ತಪ್ಪುತ್ತದೆ? ಎರಡು ಕಾರಣಗಳಿವೆ. ಒಂದು, ಅಚ್ಚಿನ ಪುಟಕ್ಕೆ ಕಂಠವಿಲ್ಲ. ಕಾಕು ಅಲ್ಲಿ ಕೇಳಿಸದು. ಎರಡು, ಕನ್ನಡದಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ಬಾ ಎನ್ನುವುದಕ್ಕೂ ಬನ್ನಿ ಎನ್ನುವುದಕ್ಕೂ ಇರುವ ಅಂತರದಲ್ಲೇ ಅರ್ಧ ದನಿ ತಿಳಿದುಹೋಗುತ್ತದೆ. ಇಂದಿನ ಇಂಗ್ಲಿಷಿಗೆ ಇರುವುದು 'ಯೂ' ಒಂದೇ. ಅರಸನಿಗೂ ಅದೇ, ಆಳಿಗೂ ಅದೇ. ಆದ್ದರಿಂದ ಕನ್ನಡದ ಮಗು ತನಗೆ ಅಭ್ಯಾಸವಾದ ಗುರುತನ್ನು ಅಲ್ಲಿ ಹುಡುಕಿ, ಕಾಣದೆ, ದನಿಯೇ ಇಲ್ಲವೆಂದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಶಬ್ದದ ಆಯ್ಕೆಯೂ ವಾಕ್ಯದ ಉದ್ದಗಿಡ್ಡವೂ ಹೆಚ್ಚಾಗಿ ಮಾಡುತ್ತವೆ. ಒಬ್ಬ ಮನುಷ್ಯ ಇನ್ನಿಲ್ಲವಾದ. ನಾವು ದೈವಾಧೀನರಾದರು ಎನ್ನಬಹುದು, ತೀರಿಕೊಂಡರು ಎನ್ನಬಹುದು, ಗೊಟಕ್ಕೆಂದ ಎನ್ನಲೂಬಹುದು. ಇಂಗ್ಲಿಷಿನವನಿಗೂ 'ಪಾಸ್ಡ್ ಅವೇ', 'ಡೈಡ್', 'ಕಿಕ್ಡ್ ದ ಬಕೆಟ್' ಎಂದು ಮೂರು ಬಗೆಗಳಿವೆ. ಸಂಗತಿ ಒಂದೇ, ದನಿ ಮೂರು. 'ಈ ಮಾತನ್ನೇ ಏಕೆ ಆರಿಸಿಕೊಂಡ?' ಎಂದು ಕೇಳಿಕೊಳ್ಳುವುದನ್ನು ಮಗು ಕಲಿತರೆ ಅರ್ಧ ದಾರಿ ಸವೆಯಿತು.

ಈ ಕಣ್ಣಿನಿಂದ ನೋಡಿದಾಗ ಹುಡುಗಿ ಬರೆದ 'ದನಿ ದುಃಖದ್ದು' ಎಂಬ ಉತ್ತರ ತಪ್ಪಲ್ಲ, ಆದರೆ ಮೊಟಕು ಎಂದು ಅವಳಿಗೇ ತಿಳಿಯಿತು. ಪದ್ಯದ ಮೊದಲಲ್ಲಿ ದುಃಖವೆಲ್ಲಿದೆ? ಅಲ್ಲಿರುವುದು ಅವಸರ. ವರ್ಣನೆಗೆ ಹೊತ್ತಿಲ್ಲ, ಬರಿಯ ಮಾತು, ಮಾರುತ್ತರ. ನಡುವೆ ಭಯ ಹೊಕ್ಕುತ್ತದೆ: ಕತ್ತಲು, ಗಾಳಿ, ಹತ್ತಿರವಾಗುತ್ತಿರುವ ಕುದುರೆಗಳ ಸದ್ದು. ಕಡೆಗೆ ತಂದೆ ದಡಕ್ಕೆ ಬಂದ ಮೇಲೆ ಕೋಪ ಕರಗಿ ಗೋಳಾಗುತ್ತದೆ. ದನಿ ಮೂರು ಬಾರಿ ತಿರುಗಿತು. ತಿರುಗಿದ ಜಾಗಗಳನ್ನು ಬೆರಳಿಟ್ಟು ತೋರಿಸುವುದೇ ಉತ್ತರ.

ಇನ್ನು ಅಲಂಕಾರ. ಕವಿ ಆಕಾಶಕ್ಕೆ ಮುನಿಸನ್ನು ಕೊಟ್ಟಿದ್ದಾನೆ. ಅದನ್ನು ಹುಡುಗಿ ಸರಿಯಾಗಿಯೇ ಪರ್ಸಾನಿಫಿಕೇಷನ್ ಎಂದಿದ್ದಳು. 'ಏಕೆ?' ಎಂಬುದಕ್ಕೆ ತಾಯಿಯೇ ದಾರಿ ತೋರಿಸಿದರು. "ಅಪ್ಪನ ಕೋಪಕ್ಕಿಂತ ಗಾಳಿಯ ಕೋಪವೇ ವಾಸಿ ಅಂತಾಳಲ್ಲ ಆ ಹುಡುಗಿ. ಎರಡೂ ಕೋಪವೇ. ಆದರೆ ಅಪ್ಪನ ಕೋಪ ಇಳಿಯಿತು, ನೀರಿನ ಕೋಪ ಇಳಿಯಲಿಲ್ಲ." ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಹೇಳಲಾರೆ. ಪ್ರಕೃತಿಗೆ ಮನುಷ್ಯನ ಮುನಿಸನ್ನು ಕೊಟ್ಟದ್ದರಿಂದಲೇ, ಮನುಷ್ಯನ ಮುನಿಸು ಕರಗಬಲ್ಲದೆಂಬುದೂ ತಡವಾಗಿ ಕರಗಿದರೆ ಫಲವಿಲ್ಲವೆಂಬುದೂ ನಮ್ಮ ಮನಸ್ಸಿಗೆ ತಾಗುತ್ತವೆ. ಇಲ್ಲಿಗೆ ಉದ್ದೇಶವೂ ಸಿಕ್ಕಿತು. ಕವಿ ನೀತಿಯನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ವೇದ ಒಡೆಯನಂತೆ ಆಜ್ಞೆ ಮಾಡುತ್ತದೆ, ಪುರಾಣ ಗೆಳೆಯನಂತೆ ಬುದ್ಧಿ ಹೇಳುತ್ತದೆ, ಕಾವ್ಯವಾದರೋ ನಲ್ಲೆಯಂತೆ ಒಲಿಸಿ ಒಪ್ಪಿಸುತ್ತದೆ ಎಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ಕಾಶ್ಮೀರದ ಮಮ್ಮಟ 11ನೆಯ ಶತಮಾನದಲ್ಲಿ ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಇದನ್ನೂ ಎಣಿಸಿದ. ತಿಳಿಸುವುದು, ಒಪ್ಪಿಸುವುದು, ರಂಜಿಸುವುದು ಎಂದು ಇಂಗ್ಲಿಷ್ ತರಗತಿಯಲ್ಲಿ ಬರೆಸುವ ಮೂರು ಉದ್ದೇಶಗಳು ನಮಗೆ ಹೊಸತೇನಲ್ಲ.

ಶ್ರೀಕಂಠಯ್ಯನವರು ಮಾಡಿದ್ದೇನೆಂಬುದನ್ನು ಈಗ ನೋಡಬೇಕು. ಅವರು ಹೆಸರುಗಳನ್ನು ಉಳಿಸಲಿಲ್ಲ. ಸ್ಕಾಟ್ಲೆಂಡಿನ ಪಡುವಣ ತೀರದ ಉಲ್ವಾ ದ್ವೀಪದ ನಾಯಕ ಇಲ್ಲಿ ಗೌಡನಾದ; ಲಾರ್ಡ್ ಹೆಗ್ಗಡೆಯಾದ; ದೋಣಿಯವನು ತೊರೆಯನಾದ; ಬೆಳ್ಳಿಯ ಪೌಂಡು ಹೊನ್ನಾಯಿತು. ದಾಟಬೇಕಾದ ನೀರನ್ನು ಅವರು 'ಕಾಯಲು' ಎಂದರು. ಬಾಲ್ಯದಲ್ಲಿ ಅರ್ಥ ತಿಳಿಯದೆ ಬಾಯಿಪಾಠ ಮಾಡಿದ್ದ ಆ ಶಬ್ದ, ಮದುವೆಯಾಗಿ ಕೊಚ್ಚಿಗೆ ಬಂದು ಇಲ್ಲಿನ ಕಾಯಲನ್ನು ಕಣ್ಣಾರೆ ಕಂಡ ಮೇಲೂ ಆ ತಾಯಿಗೆ ಹೊಳೆದಿರಲಿಲ್ಲವಂತೆ. ಅಂದು ಮಗಳೆದುರು ಹಾಡುವಾಗ ಹೊಳೆಯಿತು. ಪ್ರಾಸದಲ್ಲಿಯೂ ಬದಲಾವಣೆ ಇದೆ. ಇಂಗ್ಲಿಷಿನಲ್ಲಿ ಒಂದು ಮೂರನೆಯ ಸಾಲುಗಳೂ ಎರಡು ನಾಲ್ಕನೆಯ ಸಾಲುಗಳೂ ಕೊನೆಯಲ್ಲಿ ಪ್ರಾಸಗೂಡುತ್ತವೆ. ಕನ್ನಡದ ಮೊದಲ ಚರಣದಲ್ಲಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿ ಬರುತ್ತದೆ. ಅದು ನಮ್ಮ ಹಳೆಯ ಆದಿಪ್ರಾಸ. ಈಗ ಕೇರಳಕ್ಕೆ ಸೇರಿರುವ ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸ ಕಡ್ಡಾಯವಲ್ಲವೆಂದು 1911ರಲ್ಲೇ ಬಿಟ್ಟು ಬರೆದು ತೋರಿಸಿದ್ದರು. ಆದರೂ ಓಟದ ಪದ್ಯಕ್ಕೆ ಅದು ಒಪ್ಪುತ್ತದೆಂದು ಶ್ರೀಕಂಠಯ್ಯನವರು ಇಲ್ಲಿ ಬಳಸಿದರು. ಹೀಗೆ ಹೆಸರು, ಊರು, ನಾಣ್ಯ, ಪ್ರಾಸ ಎಲ್ಲ ಬದಲಾದರೂ ಅವಸರ, ಭಯ, ಗೋಳು ಮೂರೂ ಹಾಗೆಯೇ ಉಳಿದವು. ಯಾವುದನ್ನು ಬಿಟ್ಟರೂ ಪದ್ಯ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಸಾಯುತ್ತದೆ ಎಂಬ ವಿವೇಕವೇ ಇಂಗ್ಲಿಷ್ ತರಗತಿಯ ಈ ಪ್ರಶ್ನೆಗಳ ತಿರುಳು.

ಅಲಂಕಾರಗಳ ಹೆಸರಿಗೆ ಮಕ್ಕಳು ಹೆದರಬೇಕಾದ್ದಿಲ್ಲ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ, 9ನೆಯ ಶತಮಾನದ 'ಕವಿರಾಜಮಾರ್ಗ'ವೇ ಅಲಂಕಾರಶಾಸ್ತ್ರದ ಪುಸ್ತಕ. ಸಿಮಿಲಿ ಎಂದರೆ ಉಪಮೆ, ಮೆಟಫರ್, ರೂಪಕ, ಹೈಪರ್ಬೊಲಿ, ಅತಿಶಯೋಕ್ತಿ, ಪನ್, ಶ್ಲೇಷೆ, ಅಲಿಟರೇಷನ್, ಅನುಪ್ರಾಸ. ಜುಳುಜುಳು, ಧಗಧಗ ಎಂದು ಹಳ್ಳಿಯ ಅಜ್ಜಿಯೂ ಆಡುವ ಅನುಕರಣ ಶಬ್ದಗಳೇ ಆನಮೆಟಪಿಯ. ಎಲ್ಲಕ್ಕೂ ಸರಿಜೋಡಿ ಸಿಕ್ಕುತ್ತದೆಂದು ಹೇಳಲಾಗದು. ಪರ್ಸಾನಿಫಿಕೇಷನ್ ನಮ್ಮ ಸಮಾಸೋಕ್ತಿಯ ಹತ್ತಿರ ಬಂದು ನಿಲ್ಲುತ್ತದೆ, ಪೂರ್ತಿ ಅದೇ ಅಲ್ಲ. ಹೆಸರು ಗುರುತಿಗೆ ಮಾತ್ರ, ಕೆಲಸ ಮುಖ್ಯ.

ಒಂದು ಮಾತು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಶಾಸ್ತ್ರದಲ್ಲಿ ಹಳೆಯ ಉದಾಹರಣೆಯೊಂದಿದೆ: ಗಂಗೆಯಲ್ಲಿ ಹಳ್ಳಿ. ಹೊಳೆಯ ನೀರಿನಲ್ಲಿ ಹಳ್ಳಿ ಇರಲಾರದು. ಆದ್ದರಿಂದ ಗಂಗೆಯ ದಡದಲ್ಲಿ ಎಂದು ಅರ್ಥ ಮಾಡಬೇಕು. ಹಾಗಿದ್ದರೆ ದಡವೆಂದೇ ಏಕೆ ಹೇಳಲಿಲ್ಲ? ಆ ಹಳ್ಳಿಯ ತಂಪು, ಪಾವನತೆ ಮನಸ್ಸಿಗೆ ಬರಲಿ ಎಂದು. ನಮಗೆ ಗಂಗೆಯವರೆಗೆ ಹೋಗುವ ಅಗತ್ಯವಿಲ್ಲ. ಏಲೂರು ಪೆರಿಯಾರಿನ ಎರಡು ಕವಲುಗಳ ನಡುವಿನ ದ್ವೀಪ. ಉದ್ಯೋಗಮಂಡಲದ ಗೊಬ್ಬರದ ಕಾರ್ಖಾನೆ 1947ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಹಲವು ಊರುಗಳವರು ಬಂದು ಇಲ್ಲಿ ನೆಲೆಸಿದರು. ಅಂಥವರಲ್ಲಿ ಒಬ್ಬರು ಊರಿಗೆ ಕಾಗದ ಬರೆಯುವಾಗ 'ಪೆರಿಯಾರಿನಲ್ಲಿ ನಮ್ಮ ಮನೆ' ಎಂದರೆ ಓದಿದವರಿಗೆ ತಂಗಾಳಿಯೂ ತೆಂಗಿನ ನೆರಳೂ ನೆನಪಾಗುತ್ತವೆ. ಆ ಮಾತನ್ನೇ 2018ರ ಆಗಸ್ಟ್ ಪ್ರವಾಹದ ದಿನಗಳಲ್ಲಿ ದೂರವಾಣಿಯಲ್ಲಿ ಹೇಳಿದ್ದರೆ ಕೇಳಿದವರ ಎದೆ ಒಡೆಯುತ್ತಿತ್ತು. ಶಬ್ದ ಅದೇ, ಹೇಳಿದ ಹೊತ್ತು ದನಿಯನ್ನು ಬದಲಿಸಿತು.

ಪದ್ಯಕ್ಕಷ್ಟೇ ಈ ವಿಚಾರ ಸಲ್ಲುವುದಿಲ್ಲ. ಎನ್‌ಸಿಇಆರ್‌ಟಿಯವರ ಹತ್ತನೆಯ ತರಗತಿಯ 'ಫಸ್ಟ್ ಫ್ಲೈಟ್' ಎಂಬ ಪುಸ್ತಕದಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳು ಓದಿಕೊಂಡು ಬಂದಿರುವ, ಲೋಕೇಶ್ ಅಬ್ರೋಲ್ ಅವರು ಬರೆದ ಕೊಡಗಿನ ಮೇಲಿನ ಪಾಠವೊಂದಿದೆ. ಅದು ಕೊಡಗನ್ನು ಸ್ವರ್ಗಕ್ಕೆ ಹೋಲಿಸಿ ಆರಂಭವಾಗುತ್ತದೆ. ಕಾಫಿಯ ತೋಟ, ಕಾವೇರಿ, ಕೊಡವರ ಶೌರ್ಯ ಎಲ್ಲ ಬರುತ್ತವೆ. ಕೊಡವರ ಮೂಲದ ವಿಷಯಕ್ಕೆ ಬಂದಾಗ ಲೇಖಕರು ಹೀಗೊಂದು ಕಥೆ ಇದೆ ಎನ್ನುವಂತೆ ಹೇಳುತ್ತಾರೆ. ತಾವೇ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಅದೂ ಒಂದು ದನಿ. ಓದುಗನನ್ನು ಕೊಡಗಿಗೆ ಕರೆಯುವುದು ಈ ಪಾಠದ ಉದ್ದೇಶವಾದ್ದರಿಂದ ಗುಡ್ಡ ಕುಸಿಯುವ ಮಳೆಗೆ ಅದರಲ್ಲಿ ಜಾಗವಿಲ್ಲ. 2018ರ ಆಗಸ್ಟಿನಲ್ಲಿ, ಇಲ್ಲಿ ಪೆರಿಯಾರ್ ಉಕ್ಕಿದ ತಿಂಗಳಿನಲ್ಲೇ, ಅಲ್ಲಿ ಕೊಡಗಿನ ಗುಡ್ಡಗಳು ಜರಿದುದನ್ನು ಬಲ್ಲ ಕನ್ನಡದ ಮಗು ಈ ಪಾಠವನ್ನು ಓದಿ, 'ಲೇಖಕರು ಏನನ್ನು ಬಿಟ್ಟರು, ಏಕೆ ಬಿಟ್ಟರು?' ಎಂದು ಕೇಳಬಲ್ಲುದು. ಲೇಖಕರು ಸುಳ್ಳು ಹೇಳಿದರೆಂದಲ್ಲ. ಉದ್ದೇಶವೆಂಬುದು ಹೇಳಿದ್ದರಲ್ಲಿ ಎಷ್ಟು ಕಾಣುತ್ತದೆಯೋ ಹೇಳದೆ ಬಿಟ್ಟದ್ದರಲ್ಲಿಯೂ ಅಷ್ಟೇ ಕಾಣುತ್ತದೆ.

ಪರರ ಮಾತಿನ ಉದ್ದೇಶವನ್ನು ಸರಿಯಾಗಿ ಗ್ರಹಿಸುವುದರಿಂದ ಪರೀಕ್ಷೆಯಲ್ಲಿ ಎರಡು ಅಂಕಗಳಷ್ಟೇ ಬರುತ್ತವೆಂದು ತಿಳಿಯಬಾರದು. ಒಮ್ಮೊಮ್ಮೆ ಒಂದು ಬಾಳೇ ತಿರುಗುತ್ತದೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಅವರ ಇಂಗ್ಲಿಷ್ ಪದ್ಯಗಳ ಪುಸ್ತಿಕೆ ಹೊರಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ಅವರು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿಬಿಟ್ಟರು. ಹೊಗಳಿಕೆಯ ನಿರೀಕ್ಷೆಯಲ್ಲಿದ್ದ ತರುಣನಿಗೆ ಅದು ಹಿತವಾಗಲಿಲ್ಲ. ಆ ಮಾತನ್ನು ತಿರಸ್ಕಾರವೆಂದು ತೆಗೆದುಕೊಂಡಿದ್ದರೆ? ಕುವೆಂಪು ಅದರ ಹಿಂದಿನ ಹಿತವನ್ನು ಕಂಡುಕೊಂಡರು, ಕನ್ನಡಕ್ಕೆ ತಿರುಗಿದರು. ಮುಂದೆ ಕಸಿನ್ಸ್ ತಿರುವಿತಾಂಕೂರು ಸಂಸ್ಥಾನದ ಕಲಾ ಸಲಹೆಗಾರರಾಗಿ ತಿರುವನಂತಪುರದಲ್ಲಿ ನೆಲೆಸಿದರು. 1935ರಲ್ಲಿ ಅಲ್ಲಿ ಶ್ರೀಚಿತ್ರಾಲಯ ತೆರೆದಾಗ ಅದನ್ನು ರೂಪಿಸಿದವರಲ್ಲಿ ಅವರು ಮುಖ್ಯರು. ತಿರುವನಂತಪುರದ ನಮ್ಮ ಬಂಧುಗಳು ಮ್ಯೂಸಿಯಂ ತೋಟದೊಳಗಿನ ಆ ಚಿತ್ರಶಾಲೆಗೆ ಮಕ್ಕಳನ್ನು ಕರೆದೊಯ್ದಾಗ, ಕನ್ನಡಕ್ಕೆ ಕುವೆಂಪುವನ್ನು ಒಪ್ಪಿಸಿದ ಒಬ್ಬ ಇಂಗ್ಲಿಷ್ ಕವಿಯ ಕೈಕೆಲಸ ಇಲ್ಲಿಯೂ ಇದೆ ಎಂದು ಒಂದು ಮಾತು ಹೇಳಬಹುದು.

ನಮ್ಮ ಮನೆಗಳಲ್ಲಿ ಒಂದು ಭಾವನೆ ಬೇರೂರಿದೆ. ಇಲ್ಲಿ ಶಾಲೆಗೆ ಇಂಗ್ಲಿಷ್, ಬೀದಿಗೆ ಮಲಯಾಳ, ಪರೀಕ್ಷೆಗೆ ಹಿಂದಿ. ಕನ್ನಡ ಊಟದ ಹೊತ್ತಿಗೆ ಸಾಕು. ಮಗುವಿನ ಓದಿಗೆ ಅದರಿಂದ ಪ್ರಯೋಜನವಿಲ್ಲ, ಹೊರೆಯೇ ಹೆಚ್ಚು ಎನ್ನುವವರೂ ಇದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೆ ನಂಬಿ, ನನ್ನ ಮಕ್ಕಳಿಗೆ ಪಾಠ ಹೇಳುವಾಗ ಕನ್ನಡವನ್ನು ಬದಿಗಿಟ್ಟವನೇ. ಈಗ ಅವರು ಒಳ್ಳೆಯ ಇಂಗ್ಲಿಷ್ ಬರೆಯುತ್ತಾರೆ. ಆದರೆ 'ದೊರೆಗಳು ಎದ್ದಿರಾ' ಎಂದರೆ ಅವರ ಮಕ್ಕಳು ಮಿಕಿಮಿಕಿ ನೋಡುತ್ತಾರೆ. ದನಿಯನ್ನು ಹಿಡಿಯುವ ಕಿವಿ ಮೊದಲು ತಾಯಿಯ ಮಾತಿನಲ್ಲಿ ತೆರೆಯುತ್ತದೆ. ಅನಂತರ ಅದು ಎಲ್ಲ ಭಾಷೆಗೂ ಒದಗುತ್ತದೆ.

ಆದ್ದರಿಂದ ತಾಯಂದಿರಲ್ಲಿ ನನ್ನದೊಂದು ಬಿನ್ನಹ. ಇಂಗ್ಲಿಷ್ ಬಾರದೆಂದು ಹಿಂದೆ ಸರಿಯಬೇಡಿ. ಮಗು ಓದಿದ ಪಾಠದ ಕಥೆಯನ್ನು ಕನ್ನಡದಲ್ಲಿ ಹೇಳಿಸಿ. ಅನಂತರ ಮೂರು ಪ್ರಶ್ನೆ ಕೇಳಿ: ಇದನ್ನು ಹೇಳಿ ಅವನಿಗೆ ಏನಾಗಬೇಕಿತ್ತು? ಯಾವ ಮುಖಮಾಡಿಕೊಂಡು ಹೇಳಿದ? ಹೀಗೆಯೇ ಏಕೆ ಹೇಳಿದ, ಬೇರೆ ರೀತಿ ಹೇಳಿದ್ದರೆ ಏನು ಕೆಡುತ್ತಿತ್ತು? ಉದ್ದೇಶ, ದನಿ, ಅಲಂಕಾರ ಮೂರೂ ಇದರಲ್ಲಿ ಬಂದವು. ಉತ್ತರ ಕನ್ನಡದಲ್ಲಿ ಹೊಳೆದರೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸವನ್ನು ಮಗು ತಾನೇ ಮಾಡಿಕೊಳ್ಳುತ್ತದೆ.

ಆ ಹುಡುಗಿ ಮುಂದಿನ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆದಳೆಂದು ನಾನು ಕೇಳಲಿಲ್ಲ. ಆದರೆ ಮೊನ್ನೆ ಅವರ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಎರಡು ಕಂಠಗಳು ಕೇಳಿಸಿದವು. ತಾಯಿ ಒಂದು ಚರಣ ಹಾಡಿ ನಿಲ್ಲಿಸುತ್ತಿದ್ದರು. ಮಗಳು ಅದನ್ನೇ ತಿರುಗಿ ಹಾಡುತ್ತಿದ್ದಳು. 'ಕಾಯಲು' ಎಂಬಲ್ಲಿ ಅವಳ ನಾಲಿಗೆ ಮಲಯಾಳದ ಕಡೆಗೆ ಸ್ವಲ್ಪ ಹೊರಳಿತು. ತಾಯಿ ತಿದ್ದಲಿಲ್ಲ, ನಕ್ಕು ಮುಂದಿನ ಚರಣಕ್ಕೆ ಹೋದರು.